ಮರಳು ಕುದಿಯುವ ಲೆಕ್ಕ

ತಿಪಟೂರು ಕಡೆಯ ತೆಂಗಿನ ಚಿಪ್ಪಿನ ಪುಡಿಯಿಂದ ಗ್ಯಾಸ್ ತೆಗೆಯುವ ರಿಯಾಕ್ಟರ್ ನನ್ನ ಪಿಎಚ್‌ಡಿ ವಿಷಯ. ತುಮಕೂರಿನ ಬಾಡಿಗೆ ರೂಮಿನಲ್ಲಿ ಕೂತು ಎಂಫಿಕ್ಸ್‌ನಲ್ಲಿ ಅದರ ಸಿಮ್ಯುಲೇಶನ್ ಮಾಡ್ತಿದ್ದೇನೆ. ಇದು ಅಮೆರಿಕದ ಇಂಧನ ಪ್ರಯೋಗಾಲಯವೊಂದು ಪುಕ್ಕಟೆ ಕೊಡುವ ಸಾಫ್ಟ್‌ವೇರ್. ಸದ್ಯಕ್ಕೆ ಆ ರಿಯಾಕ್ಟರಿನೊಳಗೆ ಚಿಪ್ಪಿಲ್ಲ, ಬರೀ ಮರಳು.

ಕೆಳಗಿನಿಂದ ಗಾಳಿ ಬಿಟ್ಟು ವೇಗ ಹೆಚ್ಚಿಸುತ್ತಾ ಹೋದರೆ, ಮರಳಿನ ಭಾರವನ್ನೆಲ್ಲ ಗಾಳಿಯೇ ಹೊರುವ ಗಳಿಗೆ ಬರುತ್ತದೆ. ಆಮೇಲೆ ರಾಗಿ ಅಂಬಲಿ ಕುದಿದ ಹಾಗೆ ಗುಳ್ಳೆ ಏಳುತ್ತವೆ. ಎಷ್ಟು ಚೆನ್ನಾಗಿರುತ್ತೆ ಗೊತ್ತಾ!

ಅರ್ಧ ಮಿಲಿಮೀಟರ್ ಮರಳಾದರೆ ಒಂದು ಲೀಟರಿನಲ್ಲೇ ಸುಮಾರು 90 ಲಕ್ಷ ಕಣ. ಒಂದೊಂದನ್ನೂ ಹಿಂಬಾಲಿಸುವ ವಿಧಾನ ಇದೆ, ಆದರೆ ನನ್ನ ಕಂಪ್ಯೂಟರಿಗೆ ಅದು ಜಾಸ್ತಿಯೇ ಆಯಿತು. ಹಾಗಾಗಿ ಮರಳನ್ನೂ ಒಂದು ದ್ರವ ಅಂತಲೇ ಹಿಡಿಯುತ್ತೇನೆ. ಗಾಳಿ, ಮರಳು ಎರಡೂ ಒಂದರೊಳಗೊಂದು ಹರಿಯುತ್ತವೆ.

ಇಡೀ ಆಟ ನಿಂತಿರುವುದು ಗಾಳಿ ಕಣವನ್ನು ಎಳೆಯುವ ಬಲದ ಮೇಲೆ. ಆ ಬಲವನ್ನು ಲೆಕ್ಕ ಹಾಕುವ ಗಿಡಾಸ್ಪೋ ಸೂತ್ರ ಕಣಗಳು ದಟ್ಟವಾಗಿರುವ ಜಾಗದಲ್ಲಿ 1952ರ ಎರ್ಗುನ್ ಸಮೀಕರಣ ಬಳಸುತ್ತದೆ. ಖಾಲಿ ಜಾಗ ಶೇ. 80 ದಾಟಿದರೆ 1966ರ ವೆನ್-ಯು ಸಮೀಕರಣಕ್ಕೆ ಹಾರುತ್ತದೆ. ಆ ಹಾರುವ ಗಡಿಯಲ್ಲಿ ಬಲ ಒಮ್ಮೆಲೇ ಬದಲಾಗುತ್ತದೆ. ನನಗದು ಸರಿ ಕಾಣಲ್ಲ, ನಿಸರ್ಗದಲ್ಲಿ ಅಂಥ ಗೆರೆ ಎಲ್ಲಿದೆ?

ಮೆಶ್, ಅಂದರೆ ಲೆಕ್ಕಕ್ಕಾಗಿ ಜಾಗವನ್ನು ಹೋಳು ಮಾಡುವ ಚೌಕಗಳ ಬಲೆ, ಕೂಡ ಅಷ್ಟೇ ಮುಖ್ಯ. ಒಂದು ಚೌಕ ಕಣದ ಅಗಲದ ಹತ್ತು ಪಟ್ಟು ಅನ್ನೋದು ರೂಢಿ, ಅಂದರೆ ನನಗೆ 5 ಮಿಲಿಮೀಟರ್. ನುಣ್ಣನೆ ಪುಡಿಗೆ ದಪ್ಪ ಮೆಶ್ ಹಾಕಿದರೆ ಕಣಗಳ ಗುಂಪುಗಳೇ ಲೆಕ್ಕಕ್ಕೆ ಸಿಗಲ್ಲ, ಬೆಡ್, ಅಂದರೆ ಕಣಗಳ ಇಡೀ ರಾಶಿ, ಲೆಕ್ಕದಲ್ಲಿ ಸುಮ್ನೆ ಉಬ್ಬಿಬಿಡುತ್ತದೆ. ಮುಂದೆ ಮರಳಿಗೆ ಚಿಪ್ಪಿನ ಪುಡಿ ಸೇರಿಸಬೇಕು. ಅದು ಹಗುರ, ಆಕಾರವೂ ಗುಂಡಗಿಲ್ಲ.