ಬೀದರಿನ ಐದೂವರೆ ಶತಮಾನದ ಹಾಸ್ಟೆಲ್

ಊರ ನಡುವಿನ ಚೌಬಾರಾ ಗೋಪುರದಿಂದ ಕೋಟೆ ಕಡೆ ಹೋಗುವವರು ಮಹಮೂದ್ ಗವಾನ್ ಮದರಸಾದ ಮುಂದೆ ಫೋಟೊ ಹೊಡ್ಕೊಂಡು ಮುಂದೆ ಹೋಗ್ತಾರೆ. ಒಳಗಿನ ಕೋಣೆಗಳನ್ನು ನೋಡೋರು ಕಮ್ಮಿ. 1472ರಲ್ಲಿ ಬಹಮನಿ ವಜೀರ ಗವಾನ್ ಕಟ್ಟಿಸಿದ ಈ ವಿದ್ಯಾಲಯ ಅಸಲಿಗೆ ಹಾಸ್ಟೆಲ್ಲೂ ಹೌದು: ನಡುವೆ ಅಂಗಳ, ಸುತ್ತ ಮೂರು ಅಂತಸ್ತು, ವಿದ್ಯಾರ್ಥಿಗಳಿಗೆ 36 ಕೋಣೆ, ಮೇಷ್ಟ್ರುಗಳಿಗೆ 6 ಬಿಡಾರ. ಆಗ ಊಟ, ವಸತಿ ಪುಕ್ಕಟೆ. ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿ.

ತೇವ ಏರಬಾರದೆಂದು ಗೋಡೆಗೆ ಸೀಸದ ತಗಡು ಕೊಟ್ಟಿದ್ದರು. ಅಷ್ಟು ಜತನದ ಕಟ್ಟಡವನ್ನು ಕೆಡವಿದ್ದು ತೇವವಲ್ಲ, ಮದ್ದು. ಮೊಘಲರ ಕಾಲದಲ್ಲಿ ಓದುವ ಕೋಣೆಗಳಲ್ಲಿ ಸಿಡಿಮದ್ದು ತುಂಬಿಟ್ಟರು. 1696ರ ಸುಮಾರಿಗೆ ಸ್ಫೋಟವಾಗಿ ಹೆಬ್ಬಾಗಿಲು, ಎರಡರಲ್ಲೊಂದು ಮಿನಾರು ಹೋದವು.

ಮುಖ ಪೂರ್ವಕ್ಕಿದೆ, ಬೆಳಿಗ್ಗೆಯೇ ಹೋಗಿ. ಬಲಗಡೆಯ ಮಿನಾರಿನ ಮೇಲೆ ಉಳಿದ ಅಂಕುಡೊಂಕು ಪಟ್ಟೆಯ ಬಣ್ಣದ ಬಿಲ್ಲೆಗಳು ಆಗಲೇ ಹೊಳೆಯೋದು.