ಡಬ್ಬಿಯದು ಬೇಡ, ಟ್ಯೂಬಿನದು ಕೊಡಿ

ವ್ಯಾಕ್ (ಗಾಯದ ದ್ರವವನ್ನು ಟ್ಯೂಬಿನ ಮೂಲಕ ಸಕ್ಷನ್ನಿನಿಂದ ಎಳೆದು ತೆಗೆಯುವ ಚಿಕಿತ್ಸೆ) ಹಾಕಿದ ರೋಗಿಯ ಮಂಚದ ಪಕ್ಕದ ಡಬ್ಬಿಯಲ್ಲಿ ರಸಿಕೆ, ಅಂದರೆ ಗಾಯದಿಂದ ಒಸರುವ ದ್ರವ, ಕಣ್ಣೆದುರೇ ತುಂಬಿರುತ್ತದೆ. ಸಂಶೋಧನೆಗೆ ಸ್ಯಾಂಪಲ್ ಬೇಕೆಂದು ವಾರ್ಡಿಗೆ ಬರುವ ಪಿಜಿಗಳ (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳ) ಕೈ ಮೊದಲು ಹೋಗುವುದು ಅಲ್ಲಿಗೇ. ಅವರಿಗೆ ವಾರ್ಡಿನ ನರ್ಸ್‌ಗಳಾದ ನಾವು ಹೇಳುವ ಮೊದಲ ಮಾತೂ ಅದರ ಬಗ್ಗೆಯೇ: ಡಬ್ಬಿಯನ್ನು ಬಿಡಿ, ಟ್ಯೂಬಿನಲ್ಲಿ ಬರುವುದನ್ನೇ ಹಿಡಿಯಿರಿ. ಕಂಪನಿಯ ಎಷ್ಟೋ ಡಬ್ಬಿಗಳಲ್ಲಿ ರಸಿಕೆಯನ್ನು ಗಟ್ಟಿ ಮಾಡುವ ಜೆಲ್ ಪುಡಿ ಇರುತ್ತದೆ, ಅದಕ್ಕೆ ಸಿಕ್ಕ ದ್ರವ ಯಾವ ಪರೀಕ್ಷೆಗೂ ಒದಗುವುದಿಲ್ಲ. ಜೆಲ್ ಇಲ್ಲದ ಡಬ್ಬಿಯಾದರೂ ಅದರೊಳಗೆ ನಿನ್ನೆ ಮಧ್ಯಾಹ್ನದ್ದು, ರಾತ್ರಿಯದು, ಈಗಿನದು ಎಲ್ಲ ಬೆರೆತು ವಾರ್ಡಿನ ಸೆಕೆಯಲ್ಲಿ ಕೂತಿರುತ್ತದೆ. ರಸಿಕೆಯಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಜೀವಂತವಾಗಿಯೇ ಇರುವುದರಿಂದ ನಾವು ಅಳೆಯಬೇಕಾದ ವಸ್ತುವನ್ನೇ ಅವು ಗಂಟೆಗಟ್ಟಲೆ ತಿನ್ನುತ್ತಿರುತ್ತವೆ. ಜೊತೆಗೆ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ.

ಗಾಯಕ್ಕೆ ಫೋಮ್ ತುಂಬಿ, ಮೇಲೆ ಅಂಟುವ ಫಿಲ್ಮ್ ಹೊದಿಸಿ, 125 ಎಂಎಂ ಪಾದರಸದಷ್ಟು ಒತ್ತಡದಲ್ಲಿ ಎಳೆಯುವ ಈ ವಿಧಾನವನ್ನು ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಅರ್ಜೆಂಟಾ ಮತ್ತು ಮೊರಿಕ್ವಾಸ್ 1997ರಲ್ಲಿ ಪ್ರಕಟಿಸಿದರು. 125 ಎಂಬ ಅಂಕಿ ಹಂದಿಗಳ ಮೇಲಿನ ಪ್ರಯೋಗದಿಂದ ಬಂದದ್ದು. ನಮ್ಮ ಕಡೆ ಕಂಪನಿಯ ಮೆಷಿನ್ ಎಲ್ಲರ ಕೈಗೆಟುಕುವುದಿಲ್ಲ. ಆಟೋಕ್ಲೇವ್ ಮಾಡಿದ (ಬಿಸಿ ಹಬೆಯಲ್ಲಿ ಕ್ರಿಮಿ ಕೊಂದ) ಫೋಮ್, ಸಕ್ಷನ್ ಟ್ಯೂಬ್, ಆಪರೇಷನ್‌ಗೆ ಬಳಸುವ ಅಂಟು ಹಾಳೆಯಾದ ಇನ್ಸೈಸ್ ಡ್ರೇಪ್, ಗೋಡೆಯ ಸಕ್ಷನ್, ಇಷ್ಟರಲ್ಲೇ ಮಧುಮೇಹಿಗಳ ಕಾಲು, ಹಾವು ಕಡಿದು ಸೀಳಿದ ಕೈ, ಅಪಘಾತದಲ್ಲಿ ಚರ್ಮ ಕಿತ್ತುಬಂದ ತೊಡೆ ಎಲ್ಲಕ್ಕೂ ವ್ಯಾಕ್ ನಡೆಯುತ್ತದೆ. ಸ್ಯಾಂಪಲ್ ಹಿಡಿಯುವವರಿಗೆ ಈ ಬಡ ವ್ಯವಸ್ಥೆಯೇ ಅನುಕೂಲ. ಕಂಪನಿ ಟ್ಯೂಬಿನೊಳಗೆ ಒತ್ತಡ ಅಳೆಯಲು ಬೇರೆ ಸಣ್ಣ ನಾಳಗಳಿರುತ್ತವೆ. ನಡುವೆ ಏನನ್ನಾದರೂ ಸೇರಿಸಿದರೆ ಅಳತೆ ತಪ್ಪಿ ಅಲಾರಂ ಬಡಿದುಕೊಳ್ಳುತ್ತದೆ. ಅಂಥ ಕಡೆ ಜೆಲ್ ಇಲ್ಲದ ಹೊಸ ಡಬ್ಬಿಯನ್ನು ಎರಡು ಗಂಟೆ ಮಾತ್ರ ಹಾಕಿ ತೆಗೆಯುವುದೇ ಸರಿ.

ಒಂದೇ ನಾಳದ ಮಾಮೂಲಿ ಟ್ಯೂಬಿಗೆ ಬೇಕಾದದ್ದು ಕಫ ತೆಗೆಯುವ ಸ್ಟೆರೈಲ್ ಮ್ಯೂಕಸ್ ಎಕ್ಸ್‌ಟ್ರ್ಯಾಕ್ಟರ್, ಸುಮಾರು 25 ಎಂಎಲ್‌ನ ಪುಟ್ಟ ಬಾಟಲಿ. ಮುಚ್ಚಳಕ್ಕೆ ಎರಡು ನಳಿಕೆ ಇರುತ್ತವೆ. ಒಂದನ್ನು ಗಾಯದ ಕಡೆಗೆ, ಇನ್ನೊಂದನ್ನು ಸಕ್ಷನ್ ಕಡೆಗೆ ಜೋಡಿಸಬೇಕು. ಅದನ್ನು ಎಲ್ಲಿ ಜೋಡಿಸುತ್ತೇವೆ ಎಂಬುದರಲ್ಲೇ ಅರ್ಧ ಕೆಲಸ ಇದೆ. ಲೆಕ್ಕ ಹಾಕಿ ನೋಡಿ. 5 ಎಂಎಂ ಒಳ ಅಗಲ, ಒಂದೂವರೆ ಮೀಟರ್ ಉದ್ದದ ಟ್ಯೂಬಿನಲ್ಲಿ ಹಿಡಿಯುವುದು ಹತ್ತಿರಹತ್ತಿರ 30 ಎಂಎಲ್. ದಿನಕ್ಕೆ 60 ಎಂಎಲ್ ಸುರಿಯುವ ಗಾಯ ಗಂಟೆಗೆ ಕೊಡುವುದು ಎರಡೂವರೆ ಎಂಎಲ್. ನಡುನಡುವೆ ಗಾಳಿ ಇದ್ದು ಟ್ಯೂಬಿನ ಮೂರರಲ್ಲೊಂದು ಪಾಲು ಮಾತ್ರ ತುಂಬಿದೆ ಎಂದುಕೊಂಡರೂ ಡಬ್ಬಿಯ ಬಾಯಿಗೆ ಬರುವ ಹನಿ ನಾಲ್ಕು ಗಂಟೆ ಹಳೆಯದು. ಬಾಟಲಿಯನ್ನು ಡಬ್ಬಿಯ ಹತ್ತಿರ ಇಟ್ಟು "ಹನ್ನೊಂದು ಗಂಟೆಯ ಸ್ಯಾಂಪಲ್" ಎಂದು ಬರೆದರೆ ಅದು ಬೆಳಗಿನ ಏಳರದ್ದಾಗಿರುತ್ತದೆ. ಹಾಗಾಗಿ ಬಾಟಲಿ ಗಾಯದಿಂದ ಒಂದು ಗೇಣಿನೊಳಗೇ ಇರಬೇಕು.

ಬಾಟಲಿ ನೆಟ್ಟಗೆ ನಿಲ್ಲಬೇಕು. ವಾಲಿದರೆ ರಸಿಕೆ ಒಳಗೆ ನಿಲ್ಲದೆ ನೇರ ಸಕ್ಷನ್ ಕಡೆಗೆ ಹೋಗಿಬಿಡುತ್ತದೆ. ಬ್ಯಾಂಡೇಜ್ ಪಟ್ಟಿಯಿಂದ ಮಂಚದ ಕಂಬಿಗೆ ಕಟ್ಟುತ್ತೇವೆ, ಗಾಯದ ಮಟ್ಟಕ್ಕಿಂತ ಮೇಲೆ ಹೋಗದಂತೆ. ಟ್ಯೂಬಿನಲ್ಲಿ ದ್ರವ ಕಂಬದಂತೆ ಏರಿ ನಿಂತರೆ ಪ್ರತಿ 10 ಸೆಂಟಿಮೀಟರ್‌ಗೂ ಗಾಯಕ್ಕೆ ಸಿಗುವ ಎಳೆತ 7 ಎಂಎಂ ಪಾದರಸದಷ್ಟು ಕಡಿಮೆಯಾಗುತ್ತದೆ. ಅರ್ಧ ಮೀಟರ್ ಮೇಲೇರಿದರೆ 125 ಎಂದು ಮೀಟರ್ ತೋರಿಸುತ್ತಿದ್ದರೂ ಗಾಯದಲ್ಲಿ ಇರುವುದು 90ರ ಆಸುಪಾಸು. ಮೀಟರ್ ಕಿಲೋಪಾಸ್ಕಲ್‌ನಲ್ಲಿದ್ದರೆ 125ರ ಬದಲು ಮುಳ್ಳು 17ರ ಹತ್ತಿರ ಇರಬೇಕು. ಗೋಡೆಯ ಸಕ್ಷನ್ನಿನ ತಿರುಪನ್ನು ಪೂರ್ತಿ ಬಿಟ್ಟರೆ ಎಳೆತ ಇದರ ಹಲವು ಪಟ್ಟು ಆಗಬಹುದಾದ್ದರಿಂದ ಸೆಟ್ ಮಾಡಿದ ಮೇಲೆ ತಿರುಪಿಗೆ ಪ್ಲಾಸ್ಟರ್ ಸುತ್ತಿಬಿಡುವುದು ಒಳ್ಳೆಯದು. ಪಕ್ಕದ ಮಂಚದವರ ಕಡೆಯವರು ಆಮ್ಲಜನಕದ ತಿರುಪು ಎಂದುಕೊಂಡು ಇದನ್ನು ತಿರುಗಿಸುವುದುಂಟು.

ಇಷ್ಟೆಲ್ಲ ಮಾಡುವ ಮೊದಲು ಎಥಿಕ್ಸ್ ಕಮಿಟಿಯ ಒಪ್ಪಿಗೆ ಕೈಯಲ್ಲಿರಬೇಕು. ಕನ್ನಡದ ಒಪ್ಪಿಗೆ ಪತ್ರವನ್ನು ರೋಗಿಗೆ ಓದಿ ಹೇಳಿರಬೇಕು. ಚಿಕಿತ್ಸೆಗೂ ಸ್ಯಾಂಪಲ್‌ಗೂ ಸಂಬಂಧವಿಲ್ಲ, ಬೇಡ ಅಂದರೂ ವ್ಯಾಕ್ ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತಾಗಿರಬೇಕು. ಅವರ ಚಿಂತೆ ಬೇರೆಯೇ ಇರುತ್ತದೆ. "ಎಳಿಯೋದೆಲ್ಲಾ ಎಳೀರಿ ಸಿಸ್ಟರ್, ಸೂಜಿ ಮಾತ್ರ ಚುಚ್ಚಬ್ಯಾಡ್ರಿ" ಅನ್ನುತ್ತಾರೆ ಕಾಲು ಚಾಚಿ ಮಲಗಿದ ಅಜ್ಜ. "ಸೂಜಿ ಇಲ್ಲ ಅಜ್ಜಾರ, ನಳಿಗಿಯೊಳಗ ಬಂದದ್ದನ್ನ ಹಿಡ್ಕೋತೀವಿ, ಅಷ್ಟ." ಆ ಮಾತು ಉಳಿಯಬೇಕಾದರೆ ಹೋಲಿಕೆಗೆ ಬೇಕಾದ 2 ಎಂಎಲ್ ರಕ್ತವನ್ನು, ಅದನ್ನೂ ಒಪ್ಪಿಗೆ ಪತ್ರದಲ್ಲಿ ಹೇಳಿ, ಬೆಳಗ್ಗೆ ಶುಗರ್, ಕ್ರಿಯಾಟಿನಿನ್‌ಗೆ ಚುಚ್ಚುವಾಗಲೇ ತೆಗೆದಿಟ್ಟುಕೊಳ್ಳಬೇಕು. ರಕ್ತದ ಅಂಕಿ ಜೊತೆಗಿಲ್ಲದಿದ್ದರೆ ರಸಿಕೆಯಲ್ಲಿ ಕಂಡದ್ದು ಗಾಯದಲ್ಲೇ ಹುಟ್ಟಿದ್ದೋ ರಕ್ತನಾಳದಿಂದ ಸೋರಿದ್ದೋ ತಿಳಿಯುವುದಿಲ್ಲ.

ಡ್ರೆಸಿಂಗ್ ಬದಲಿಸುವುದು 48ರಿಂದ 72 ಗಂಟೆಗೊಮ್ಮೆ. ತಡವಾದರೆ ಹೊಸ ಮಾಂಸ ಫೋಮಿನ ರಂಧ್ರಗಳೊಳಕ್ಕೆ ಬೆಳೆದು ಕೀಳುವಾಗ ರಕ್ತ ಬರುತ್ತದೆ, ನೋವೂ ಜಾಸ್ತಿ. ಸಕ್ಷನ್ ನಿಲ್ಲಿಸಿ ಟ್ಯೂಬಿನ ಮೂಲಕ ಸಲೈನ್ ಬಿಟ್ಟು ಕಾಲು ಗಂಟೆ ಕಾದರೆ ಫೋಮ್ ಸಲೀಸಾಗಿ ಬಿಡುತ್ತದೆ. ರೋಗಿಗೆ ಒಳ್ಳೆಯದಾದ ಈ ಸಲೈನೇ ಸ್ಯಾಂಪಲ್‌ಗೆ ಶತ್ರು. ಗಾಯ ತೊಳೆದು ಹೊಸ ಫೋಮ್ ಹಾಕಿದ ಮೇಲೆ ಮೊದಲ ಎರಡು ಗಂಟೆ ಬರುವುದರಲ್ಲಿ ಸಲೈನ್ ಎಷ್ಟು, ರಸಿಕೆ ಎಷ್ಟು ಎಂದು ಹೇಳಲಾಗದು. 9ಕ್ಕೆ ಡ್ರೆಸಿಂಗ್ ಮುಗಿದರೆ 11ಕ್ಕೆ ಬಾಟಲಿ ಜೋಡಿಸಿ 1ಕ್ಕೆ ಬಿಚ್ಚುವುದು ನಮ್ಮ ರೂಢಿ. 5 ಎಂಎಲ್ ಸಿಕ್ಕರೆ ಧಾರಾಳವಾಯಿತು. ಅದರಲ್ಲೂ ಒಟ್ಟು ಪ್ರೋಟೀನ್ ಅಳೆದು, ಉಳಿದ ಅಂಕಿಗಳನ್ನು ಅದರ ಲೆಕ್ಕದಲ್ಲಿ ಹೇಳಿದರೆ ತೆಳುವಾದದ್ದು, ಗಟ್ಟಿಯಾದದ್ದು ಎಂಬ ಜಗಳ ಸ್ವಲ್ಪ ತಗ್ಗುತ್ತದೆ. ಆ ಎರಡು ಗಂಟೆಯೂ ಬಾಟಲಿಯ ಸುತ್ತ ಐಸ್ ಪ್ಯಾಕ್ ಇರಬೇಕು.

ಕೆಡುವುದು ಹೆಚ್ಚಾಗಿ ಸೋರಿಕೆಯಿಂದ. ಕಾಲ್ಬೆರಳ ಸಂದು, ಹಿಮ್ಮಡಿಯ ಮಡಿಕೆ, ಕೂದಲಿರುವ ಚರ್ಮ ಇಲ್ಲೆಲ್ಲ ಫಿಲ್ಮ್ ಏಳುತ್ತದೆ. ಕಿವಿಯಿಟ್ಟರೆ ಸುಸ್ಸೆನ್ನುವ ಸದ್ದು ಕೇಳುತ್ತದೆ, ಸುಕ್ಕುಗಟ್ಟಿ ಕುಗ್ಗಿರಬೇಕಾದ ಫೋಮ್ ಉಬ್ಬಿಕೊಂಡಿರುತ್ತದೆ. ಸೋರುವ ಗಾಳಿ ರಸಿಕೆಯನ್ನು ಒಣಗಿಸಿ ಟ್ಯೂಬಿನ ಒಳಗೋಡೆಗೆ ಅಂಟಿಸುತ್ತದೆ, ಬಾಟಲಿಗೆ ಬೀಳುವುದು ಬರೀ ನೊರೆ. ಬಾಟಲಿಯ ಕೀಲುಗಳೂ ಸೋರುವುದರಿಂದ ಮೊದಲು ಅಲ್ಲಿ ಬೆರಳು ಒತ್ತಿ ನೋಡಿ. ಸದ್ದು ನಿಂತರೆ ತಪ್ಪು ಅಲ್ಲೇ. ಸರಿಮಾಡಲು ಎಷ್ಟೇ ಹೊತ್ತಾದರೂ, 24 ಗಂಟೆಯಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಸಕ್ಷನ್ ನಿಂತಿದ್ದರೆ ಫೋಮನ್ನೇ ತೆಗೆದು ಬೇರೆ ಡ್ರೆಸಿಂಗ್ ಹಾಕಬೇಕು. ಸ್ಯಾಂಪಲ್ ಆಮೇಲಿನ ಮಾತು.

ಟ್ಯೂಬಿನಲ್ಲಿ ತಿಳಿಗೆಂಪು ಕಂಡರೆ ಗಾಬರಿ ಬೇಡ. ಹಸಿ ಕೆಂಪು ರಕ್ತ ಹರಿದು ಬರುತ್ತಿದ್ದರೆ ತಕ್ಷಣ ಸಕ್ಷನ್ ಬಂದ್ ಮಾಡಿ. ಡ್ರೆಸಿಂಗ್ ಕೀಳದೆ ಅದರ ಮೇಲೆಯೇ ಒತ್ತಿ ಹಿಡಿದು ಸರ್ಜನ್ನರನ್ನು ಕರೆಸಿ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್, ವಾರ್ಫರಿನ್ ತೆಗೆದುಕೊಳ್ಳುವವರ ಬಳಿ ಸ್ಯಾಂಪಲ್ ಕೆಲಸಕ್ಕೆ ಕೈಹಾಕುವ ಮೊದಲೇ ಸರ್ಜನ್ನರನ್ನು ಕೇಳಿಕೊಳ್ಳಿ.

ಬಾಟಲಿ ಬಿಚ್ಚುವಾಗ ಗಾಯದ ಕಡೆ ಕ್ಲ್ಯಾಂಪ್ ಹಾಕಿ ಆಮೇಲೆ ಸಕ್ಷನ್ ನಿಲ್ಲಿಸಿದರೆ ರಸಿಕೆ ಹಿಂದಕ್ಕೆ ಸರಿಯುವುದಿಲ್ಲ. ಮುಖಕ್ಕೆ ಸಿಡಿಯುವ ಗಳಿಗೆಯೂ ಇದೇ ಆದ್ದರಿಂದ ಕನ್ನಡಕ, ಮಾಸ್ಕ್ ಬಿಡುವಂತಿಲ್ಲ. ಅರ್ಧ ಗಂಟೆಯೊಳಗೆ ಐಸ್ ಮೇಲೆಯೇ ಲ್ಯಾಬ್ ತಲುಪಿಸಿ, 4 ಡಿಗ್ರಿಯಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿಸಿ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಗಷ್ಟು ತಳಕ್ಕೆ ಇಳಿಸುವುದು). ಬರೆಯುವಾಗ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಬರೆದು ಸುಮ್ಮನಾಗಬೇಡಿ, ಜಿ (ಗುರುತ್ವದ ಎಷ್ಟು ಪಟ್ಟು ಬಲ) ಕೂಡ ಬರೆಯಿರಿ. ಒಂದೇ 3000 ಆರ್‌ಪಿಎಂ, 10 ಸೆಂಟಿಮೀಟರ್ ತ್ರಿಜ್ಯದ ರೋಟರಿನಲ್ಲಿ 1000 ಜಿ, 15 ಸೆಂಟಿಮೀಟರಿನದರಲ್ಲಿ 1500 ಜಿ ಆಗುತ್ತದೆ. ಮೇಲಿನ ತಿಳಿಯನ್ನು ಅರ್ಧರ್ಧ ಎಂಎಲ್‌ನ ಟ್ಯೂಬುಗಳಿಗೆ ಹಂಚಿ ಮೈನಸ್ 80 ಡಿಗ್ರಿಗೆ ಹಾಕಬೇಕು. ದೊಡ್ಡ ಟ್ಯೂಬಿನಲ್ಲಿಟ್ಟು ಬೇಕಾದಾಗಲೆಲ್ಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಪ್ರತಿ ಸಲವೂ ಒಂದಿಷ್ಟು ಹಾಳು. ಪ್ರೋಟೀನ್ ಕತ್ತರಿಸುವ ಎಂಎಂಪಿ ಕಿಣ್ವಗಳ ಚುರುಕು ಅಳೆಯುವವರು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ಸುರಿಯಲೇಬಾರದು. ಆ ಕಿಣ್ವಗಳು ನಿಂತಿರುವುದೇ ಸತು, ಕ್ಯಾಲ್ಸಿಯಂ ಮೇಲೆ, ಇಡಿಟಿಎ ಅವನ್ನು ಕಿತ್ತುಕೊಳ್ಳುತ್ತದೆ. ಸಂಖ್ಯೆಯನ್ನು ಟ್ಯೂಬಿನ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಮುಚ್ಚಳಗಳು ಅದಲುಬದಲಾಗುತ್ತವೆ. ಪುಸ್ತಕದಲ್ಲಿ ರೋಗಿಯ ಹೆಸರಿನ ಬದಲು ಕೋಡ್, ಡ್ರೆಸಿಂಗ್ ಆಗಿ ಎಷ್ಟು ಗಂಟೆ, ಬಾಟಲಿ ಹಾಕಿದ್ದು, ತೆಗೆದದ್ದು, ಒತ್ತಡ, ಬಣ್ಣ, ನಡೆಯುತ್ತಿರುವ ಆಂಟಿಬಯೋಟಿಕ್ ಇಷ್ಟಂತೂ ಇರಲೇಬೇಕು.

ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಇದೇ ರಸಿಕೆ ಕಳಿಸೋಣವೇ ಎಂದು ಪ್ರತಿ ಬ್ಯಾಚಿನವರೂ ಕೇಳುತ್ತಾರೆ. ಬೇಡ. ಫೋಮ್, ಟ್ಯೂಬ್‌ಗಳಲ್ಲಿ ಬೆಳೆದ ಬ್ಯಾಕ್ಟೀರಿಯಾ ಗಾಯದ ಸೋಂಕನ್ನು ಹೇಳುವುದಿಲ್ಲ, ಸುಮ್ಮನೆ ಒಂದು ಆಂಟಿಬಯೋಟಿಕ್ ಹೆಚ್ಚಾಗುತ್ತದೆ. ಫೋಮ್ ತೆಗೆದು, ಸಲೈನಿನಲ್ಲಿ ತೊಳೆದು, ಶುಭ್ರವಾದ ಮಾಂಸದ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಸ್ವಾಬನ್ನು (ಹತ್ತಿ ಸುತ್ತಿದ ಕಡ್ಡಿಯನ್ನು) 5 ಸೆಕೆಂಡ್ ಒತ್ತಿ ತಿರುಗಿಸಿ ತೆಗೆಯಬೇಕು. ಸರ್ಜನ್ ಒಂದು ಚೂರು ಅಂಗಾಂಶವನ್ನೇ ಕತ್ತರಿಸಿ ಕೊಟ್ಟರೆ ಇನ್ನೂ ಒಳ್ಳೆಯದು.

ಹಳೆಯ ಫೋಮನ್ನು ಬಿಸಾಡುವ ಮೊದಲು ಎಣಿಸಿ. ಹಾಕಿದಾಗ ಫಿಲ್ಮಿನ ಮೇಲೆ ಮಾರ್ಕರಿನಲ್ಲಿ ಬರೆದ ಸಂಖ್ಯೆಗೆ ಅದು ತಾಳೆಯಾಗಬೇಕು, ಆಳದ ಪೊಟರೆಯಲ್ಲಿ ಒಂದು ತುಂಡು ಉಳಿದರೆ ಅದೇ ಕೀವಿನ ಗೂಡು. ಎಣಿಕೆ ಮುಗಿದ ಫೋಮ್, ಗಾಜ್ ಹಳದಿ ಚೀಲಕ್ಕೆ, ಟ್ಯೂಬ್ ಮತ್ತು ಖಾಲಿ ಬಾಟಲಿ ಕೆಂಪು ಚೀಲಕ್ಕೆ.