ನಿಮ್ಮೂರಿನವರೇ ಕಳಿಸಿದ್ದಾ?

ಭೋಗಿಯ ದಿನ ಪಕ್ಕದ ಮನೆ ಆಂಟಿ ಊಟಕ್ಕೆ ಕರೆದಿದ್ದರು. ಅವರು ನಾವೀಗಿರುವ ಮಲೇಷ್ಯಾದ ಬಂದರು ಊರು ಮಲಾಕಾದ ಚಿಟ್ಟಿಗಳು. ಸುಲ್ತಾನರ ಕಾಲದಲ್ಲಿ ವ್ಯಾಪಾರಕ್ಕೆ ಬಂದು, ಇಲ್ಲಿನವರನ್ನೇ ಮದುವೆಯಾಗಿ ನಿಂತ ತಮಿಳರ ವಂಶ. ಮನೆಮಾತು ಮಲಯ್, ಉಡುವುದು ಮಲಯ್ ಕುಪ್ಪಸ ಕೆಬಾಯಾ, ಹಣೆಯಲ್ಲಿ ವಿಭೂತಿ. ಆವತ್ತು ಹಿರಿಯರಿಗೆ ಎಡೆ ಇಡುತ್ತಾರೆ, 'ಪರ್ಚು' ಅಂತ. ಬಾಳೆಲೆ ನಮ್ಮ ಕಡೆಯದೇ, ಬಡಿಸಿದ್ದು ತೆಂಗಿನಹಾಲಿನ ಅನ್ನ ನಾಸಿ ಲೆಮಾಕ್, ಮೆಣಸಿನ ಚಟ್ನಿಯಂಥ ಸಂಬಾಲ್.

ಊಟವಾದ ಮೇಲೆ ಮಾತು ಊರಿನ ಕಡೆ ಹೊರಳಿತು. ನಮ್ಮ ಹೊನ್ನಾವರವೂ ಹಳೇ ಬಂದರು, ಶರಾವತಿ ಸಮುದ್ರ ಸೇರುವ ಜಾಗ ಎಂದೆ. ಅಷ್ಟಕ್ಕೇ ಸುಮ್ನಿರದೆ ನಮ್ಮೂರಿನ ತಿಮ್ಮಯ್ಯನ ಕತೆಯನ್ನೂ ಬಿಟ್ಟೆ. ಸ್ವಂತ ಹಡಗುಪಡೆ ಇಟ್ಟುಕೊಂಡಿದ್ದ ಗಟ್ಟಿಗ. 1510ರಲ್ಲಿ ಬಿಜಾಪುರದವರಿಂದ ಗೋವೆ ಕಿತ್ತುಕೊಳ್ಳಲು ಪೋರ್ಚುಗೀಸರ ದಂಡನಾಯಕ ಅಲ್ಬುಕರ್ಕ್‌ಗೆ ನೆರವಾದವನು ಇವನೇ.

ಎಲೆ ತೆಗೆಯುತ್ತಿದ್ದ ಆಂಟಿ ನಿಂತುಬಿಟ್ಟರು. "ಅಲ್ಬುಕರ್ಕ್ ಅಂದರೆ ಮರುವರ್ಷ ಇಲ್ಲಿಗೆ ಬಂದವನಲ್ವಾ? ಹಾಗಾದ್ರೆ ಅವನನ್ನ ನಿಮ್ಮೂರಿನವರೇ ಕಳಿಸಿದ್ದಾ?"

ನನ್ನ ಬಾಯಿ ಕಟ್ಟಿತು. 1511ರ ಆಗಸ್ಟಿನಲ್ಲಿ ಪೋರ್ಚುಗೀಸರು ಮಲಾಕಾ ಹಿಡಿದು ಲೂಟಿ ಮಾಡಿದರು. ಅದಕ್ಕೂ ಮುಂಚೆ ಇದು ಎಂಥ ಪೇಟೆ! ಗುಜರಾತಿನ ಬಟ್ಟೆ, ಚೀನಾದ ರೇಷ್ಮೆ, ಮೊಲುಕ್ಕಾದ ಲವಂಗ, ಬಾಂದಾದ ಜಾಯಿಕಾಯಿ. ಗಾಳಿ ತಿರುಗುವವರೆಗೆ ಹಡಗಿನವರು ತಿಂಗಳುಗಟ್ಟಲೆ ಇಲ್ಲೇ ಕಾಯಬೇಕಿತ್ತು. ಅದಕ್ಕೇ ಈ ಮದುವೆ, ಮಕ್ಕಳು, ಮಲಯ್ ಮಾತಾಡುವ ಶಿವಭಕ್ತರು. ಬಂದವರನ್ನು ನೋಡಿಕೊಳ್ಳಲು ನಾಲ್ಕು ಜನ ಶಾಬಂದರ್‌ಗಳು, ಅಂದರೆ ಬಂದರಿನ ಅಧಿಕಾರಿಗಳು, ಅದರಲ್ಲಿ ಗುಜರಾತಿಗಳಿಗೇ ಒಬ್ಬ. 1512ರಲ್ಲಿ ಬಂದ ಪೋರ್ಚುಗೀಸ್ ಬರಹಗಾರ ತೊಮೆ ಪಿರೆಸ್ ಇಲ್ಲಿ 84 ಭಾಷೆ ಆಡುತ್ತಿದ್ದರು ಅಂತ ಬರೆದಿದ್ದಾನೆ. ಸ್ವಲ್ಪ ಜಾಸ್ತಿಯೇ ಹೇಳಿರಬಹುದು ಅನ್ನಿ.

ನಾನು ಪೆಚ್ಚಾದದ್ದು ನೋಡಿ ಆಂಟಿಗೆ ನಗು. "ಬಿಡಮ್ಮಾ, ನಮ್ಮವರೇನು ಕಡಿಮೆಯಾ? ನೀನಾ ಚಟು ಇರಲಿಲ್ವಾ?" ಆ ತಮಿಳು ವ್ಯಾಪಾರಿ ಇಲ್ಲಿ ಸೆರೆಯಲ್ಲಿದ್ದ ಪೋರ್ಚುಗೀಸರಿಗೆ ನೆರವಾದ, ಅವರು ಗೆದ್ದ ಮೇಲೆ ಮಂತ್ರಿಯಂಥ ಬೆಂಡಹಾರ ಪದವಿ ಪಡೆದ. 1514ರಲ್ಲಿ ಅದು ಕೈತಪ್ಪಿತು. ತಿಮ್ಮಯ್ಯನಿಗೆ ಗೋವೆಯಲ್ಲಿ ಸಿಕ್ಕ ಅಧಿಕಾರವೂ ಬಹಳ ಕಾಲ ಬಾಳಲಿಲ್ಲ.

ನನಗೆ ಚುಚ್ಚಿದ್ದು ಬೇರೆ. ಐನೂರು ವರ್ಷದ ಹಿಂದಿನ ಲೆಕ್ಕ ಆಂಟಿಗೆ ಬಾಯಿಪಾಠ, ಸ್ವಂತದವರ ತಪ್ಪೂ ಸೇರಿ. ನಾನು ಹೊನ್ನಾವರದಲ್ಲಿ ಓದಿದಷ್ಟು ವರ್ಷ ಯಾವ ಮೇಷ್ಟ್ರೂ ತಿಮ್ಮಯ್ಯನ ಹೆಸರೆತ್ತಲಿಲ್ಲ. ನಮಗೆ ಬಂದರು ಅಂದರೆ ಮೀನು, ಅಷ್ಟೇ. ಅವನನ್ನು ನಾನು ಓದಿ ತಿಳಿದದ್ದು ಇಲ್ಲಿಗೆ ಬಂದ ಮೇಲೆ.

ಇದನ್ನೆಲ್ಲ ಕೇಳಿಸಿಕೊಂಡ ಮಗಳು, ಶಾಲೆಯಲ್ಲಿ 1511ರ ಪಾಠ ಬಂದಾಗ ಎದ್ದು ನಿಂತು ನಮ್ಮೂರಿನ ತಿಮ್ಮಯ್ಯನ ವಿಷಯ ಹೇಳ್ತೀನಿ ಅಂತಿದ್ದಾಳೆ. ಸದ್ಯಕ್ಕೆ ಬೇಡ ಕಣೇ ಅಂದಿದ್ದೇನೆ.